ಮೊಬೈಲ್ ಇಂಟರ್‌ನೆಟ್ ಸೇವೆಯನ್ನು ಬಿಡುವ ಮುನ್ನ: ಗ್ರಾಹಕರು ಅರಿಯಬೇಕಾದ ಕ್ರಮ

(ಕರ್ಜಗಿಯಲ್ಲಿ ಗ್ರಾಮಸ್ಥರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ. ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಪ್ರಕಟಿಸುವ ಸಲುವಾಗಿ.)



ನಮ್ಮ ಹಾವೇರಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ನಾವು ‘ಟ್ರಾಯ್’ ಎಂದು ಕರೆಯುವ ಸಂಸ್ಥೆ, ಸ್ಥಾಪನೆಯಾದದ್ದೂ ಅದೇ ವರ್ಷ. ಅಂದು ಮೊಬೈಲ್ ದೂರವಾಣಿ ಸಿರಿವಂತರ ಕೈಯಲ್ಲಿತ್ತು. ಇಂದು ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ, ಬ್ಯಾಂಕಿನ ಒಟಿಪಿ, ಪಿಂಚಣಿಯ ಸಂದೇಶ, ಮಕ್ಕಳ ಪರೀಕ್ಷಾ ಫಲಿತಾಂಶ ಎಲ್ಲವೂ ಅದರ ಮೂಲಕವೇ ಬರಬೇಕು. ಆದ್ದರಿಂದ ಸಿಗ್ನಲ್ ಇಲ್ಲದಿರುವುದು ಬರಿಯ ಬೇಸರದ ವಿಷಯವಲ್ಲ, ಬದುಕಿನ ನಷ್ಟದ ವಿಷಯ.

ಸಂತೆಯಲ್ಲಿ ತೂಕ ಕಡಿಮೆ ಬಂದರೆ ನಾವು ಅಲ್ಲಿಯೇ ಕೇಳುತ್ತೇವೆ. ಆದರೆ ತಿಂಗಳ ಹಣ ಕಟ್ಟಿಯೂ ಇಂಟರ್‌ನೆಟ್ ಬಾರದಿದ್ದಾಗ ಬಹುಮಂದಿ ಸಿಮ್ ತೆಗೆದು ಮೂಲೆಗೆಸೆದು ಸುಮ್ಮನಾಗುತ್ತಾರೆ. ಸೇವೆಯನ್ನು ಬಿಡುವುದು ನಿಮ್ಮ ಹಕ್ಕು. ಆದರೆ ಸದ್ದಿಲ್ಲದೆ ಬಿಟ್ಟರೆ ನಷ್ಟ ನಿಮ್ಮದೇ. ದಾಖಲೆ ಮಾಡಿ ಬಿಟ್ಟರೆ ಲಾಭ ನಿಮಗೂ ಉಂಟು, ಊರಿಗೂ ಉಂಟು. ಇಂದು ನಾನು ಹೇಳಬೇಕಾದದ್ದು ಇಷ್ಟೇ.

ಮೊದಲನೆಯದಾಗಿ, ದೋಷ ಎಲ್ಲಿದೆ ಎಂಬುದನ್ನು ತಿಳಿಯಬೇಕು. ಒಂದು ಟವರಿನ ಸಾಮರ್ಥ್ಯವನ್ನು ಅದರ ವ್ಯಾಪ್ತಿಯ ಎಲ್ಲರೂ ಹಂಚಿಕೊಳ್ಳುತ್ತಾರೆ. ಸಂಜೆ ಎಲ್ಲರೂ ಒಮ್ಮೆಗೇ ಬಳಸತೊಡಗಿದಾಗ ವೇಗ ಕುಗ್ಗುತ್ತದೆ. ವಿದ್ಯುತ್ ಹೋಗಿ ಬ್ಯಾಟರಿ ಮುಗಿದರೆ ಟವರ್ ನಿಲ್ಲುತ್ತದೆ. ರಸ್ತೆ ಅಗೆಯುವಾಗ ಕೇಬಲ್ ತುಂಡಾದರೆ ಊರೇ ಕತ್ತಲಾಗುತ್ತದೆ. ದಪ್ಪ ಗೋಡೆಯ ಮನೆಯೊಳಗೆ ಸಿಗದ ಸಿಗ್ನಲ್ ಅಂಗಳದಲ್ಲಿ ಸಿಗಬಹುದು. ಆದ್ದರಿಂದ ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮನೆಯಲ್ಲಿಯೂ ಹೊಲದಲ್ಲಿಯೂ ವೇಗವನ್ನು ಅಳೆದು ಬರೆದಿಡಿ. ಇದಕ್ಕೆ ಟ್ರಾಯ್‌ನ ‘ಮೈ ಸ್ಪೀಡ್’ ಎಂಬ ಉಚಿತ ಆ್ಯಪ್ ಇದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗವಿರಬೇಕೆಂದು ನಿಗದಿಪಡಿಸಿದೆ. ನಿಮ್ಮ ಅಳತೆಯನ್ನು ಇದರೊಂದಿಗೆ ಹೋಲಿಸಿ ನೋಡಿ.

ಎರಡನೆಯದಾಗಿ, ದೂರು ನೀಡಬೇಕು. ನಿಮ್ಮ ಕಂಪನಿಯ ದೂರು ಕೇಂದ್ರಕ್ಕೆ 198 ಸಂಖ್ಯೆಯ ಮೂಲಕ ಉಚಿತವಾಗಿ ಕರೆ ಮಾಡಬಹುದು. ಅವರು ನೀಡುವ ದೂರು ಸಂಖ್ಯೆಯನ್ನು ತಪ್ಪದೆ ಬರೆದುಕೊಳ್ಳಿ. ಸಂಖ್ಯೆ ಇಲ್ಲದ ದೂರು ರಸೀದಿ ಇಲ್ಲದ ಸಾಲದಂತೆ. ಪರಿಹಾರ ಸಿಗದಿದ್ದರೆ, 2012ರ ನಿಯಮಗಳ ಪ್ರಕಾರ, ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಮನವಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನವಾಗಬೇಕು. ವೈಯಕ್ತಿಕ ದೂರುಗಳನ್ನು ಟ್ರಾಯ್ ತಾನೇ ವಿಚಾರಣೆ ಮಾಡುವುದಿಲ್ಲವೆಂಬುದನ್ನು ಗಮನಿಸಬೇಕು.

2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಗುಣಮಟ್ಟದ ನಿಯಮಗಳು ಜಿಲ್ಲಾ ಮಟ್ಟದಲ್ಲಿ ಸೇವೆ 24 ಗಂಟೆಗೂ ಮೀರಿ ಸ್ಥಗಿತವಾದರೆ ಪೋಸ್ಟ್‌ಪೇಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ರಿಯಾಯಿತಿಯನ್ನೂ ಪ್ರೀಪೇಡ್ ಗ್ರಾಹಕರಿಗೆ ಅವಧಿ ವಿಸ್ತರಣೆಯನ್ನೂ ಕೊಡಬೇಕೆನ್ನುತ್ತವೆ. ಆದರೆ ಒಂದೇ ಊರಿನ ಟವರ್ ಕೆಟ್ಟರೆ ಈ ಸೌಲಭ್ಯ ತಾನಾಗಿ ಬರುವುದಿಲ್ಲ. ಅಂತಹ ಊರಿಗೆ ದೂರಿನ ದಾಖಲೆಯೇ ಆಧಾರ.

ಮೂರನೆಯದು, ಬಿಡುವ ಕ್ರಮ. ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿಯನ್ನು ಬದಲಿಸುವ ಅವಕಾಶ 2011ರ ಜನವರಿ 20ರಿಂದ ದೇಶದಾದ್ಯಂತ ಇದೆ. ಇಂಗ್ಲಿಷ್ ಅಕ್ಷರಗಳಲ್ಲಿ ‘ಪೋರ್ಟ್’ ಎಂದು ಬರೆದು, ಒಂದು ಅಕ್ಷರದ ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಗಳ ಸಂಖ್ಯೆಯನ್ನು ನಮೂದಿಸಿ 1900ಕ್ಕೆ ಸಂದೇಶ ಕಳುಹಿಸಿರಿ. ಬರುವ ಸಂಕೇತಾಂಕಕ್ಕೆ ಕರ್ನಾಟಕದಲ್ಲಿ 4 ದಿನಗಳ ಅವಧಿ ಇರುತ್ತದೆ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಯಲ್ಲಿ ಅರ್ಜಿ ಕೊಟ್ಟರೆ, ರಾಜ್ಯದೊಳಗಿನ ಬದಲಾವಣೆ 3 ಕೆಲಸದ ದಿನಗಳಲ್ಲಿ ಮುಗಿಯಬೇಕು. ಹಳೆಯ ಕಂಪನಿಯಲ್ಲಿ 90 ದಿನಗಳು ಪೂರೈಸಿರಬೇಕು, ಪೋಸ್ಟ್‌ಪೇಡ್ ಆಗಿದ್ದರೆ ಬಿಲ್ ಬಾಕಿ ಇರಬಾರದು. ಪ್ರೀಪೇಡ್ ಖಾತೆಯಲ್ಲಿ ಉಳಿದ ಹಣ ಹೊಸ ಕಂಪನಿಗೆ ವರ್ಗವಾಗುವುದಿಲ್ಲ, ಮೊದಲೇ ಬಳಸಿಕೊಳ್ಳಿ. ಹೊಸ ಕಂಪನಿಯಲ್ಲಿಯೂ 90 ದಿನ ಕಾಯಬೇಕಾಗುವುದರಿಂದ, ಆ ಕಂಪನಿಯ ಸಿಮ್ ಇರುವ ನೆರೆಯವರ ಫೋನನ್ನು ನಿಮ್ಮ ಮನೆಗೂ ಹೊಲಕ್ಕೂ ಕರೆತಂದು ಪರೀಕ್ಷಿಸಿದ ಮೇಲೆಯೇ ನಿರ್ಧರಿಸಿರಿ.

ಸಂಪರ್ಕವೇ ಬೇಡವೆನ್ನುವ ಪೋಸ್ಟ್‌ಪೇಡ್ ಗ್ರಾಹಕರು ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಕೊನೆಯ ಬಿಲ್ ತೀರಿಸಿ, ಠೇವಣಿ ಮರಳಿಸುವಂತೆ ಕೇಳಬೇಕು. ಮಾತು ಸಾಕು, ಇಂಟರ್‌ನೆಟ್ ಬೇಡ ಎನ್ನುವ ಹಿರಿಯರಿಗಾಗಿ ಕರೆ ಮತ್ತು ಸಂದೇಶಗಳಿಗಷ್ಟೇ ಪ್ರತ್ಯೇಕ ರೀಚಾರ್ಜ್ ಒದಗಿಸಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ವಿಧಿಸಿದೆ. ಬೇಡದ ಡೇಟಾಕ್ಕೆ ಅವರು ಹಣ ತೆರಬೇಕಾಗಿಲ್ಲ.

ಸಿಮ್ ಎಸೆಯುವವರಿಗೆ ಒಂದು ಎಚ್ಚರಿಕೆ. ದೀರ್ಘಕಾಲ ಬಳಸದ ಸಂಖ್ಯೆ ರದ್ದಾಗುತ್ತದೆ. ರದ್ದಾದ ಸಂಖ್ಯೆಯನ್ನು 90 ದಿನಗಳ ನಂತರ ಬೇರೊಬ್ಬರಿಗೆ ಕೊಡಬಹುದು. ನಿಮ್ಮ ಆಧಾರ್‌ಗೂ ಬ್ಯಾಂಕ್ ಖಾತೆಗೂ ಅದೇ ಸಂಖ್ಯೆ ಜೋಡಣೆಯಾಗಿದ್ದರೆ, ನಿಮ್ಮ ಒಟಿಪಿ ಅಪರಿಚಿತರ ಕೈ ಸೇರುತ್ತದೆ. ಆದ್ದರಿಂದ ಸಂಖ್ಯೆಯನ್ನು ಪೋರ್ಟ್ ಮಾಡಿ ಉಳಿಸಿಕೊಳ್ಳಿ. ಬಿಡಲೇಬೇಕಾದರೆ ಮೊದಲು ಬ್ಯಾಂಕ್ ಮತ್ತು ಆಧಾರ್ ದಾಖಲೆಗಳಲ್ಲಿ ಹೊಸ ಸಂಖ್ಯೆಯನ್ನು ಸೇರಿಸಿರಿ.

ನಾಲ್ಕನೆಯದಾಗಿ, ಹಣ ಕಳೆದುಕೊಂಡವರಿಗೆ ಇರುವ ದಾರಿ. ದೂರಸಂಪರ್ಕದ ವ್ಯಾಜ್ಯ ಗ್ರಾಹಕ ನ್ಯಾಯಾಲಯಕ್ಕೆ ಸಲ್ಲದು ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹಾಗೆ ಹೇಳಿತ್ತು. ಆದರೆ ಅಹಮದಾಬಾದಿನ ಗ್ರಾಹಕರೊಬ್ಬರು ತಮಗೆ ಬಂದ 24 ಸಾವಿರ ರೂಪಾಯಿಗೂ ಮೀರಿದ ಬಿಲ್ಲನ್ನು ಪ್ರಶ್ನಿಸಿ ಜಿಲ್ಲಾ ವೇದಿಕೆಗೆ ಹೋದ ಪ್ರಕರಣದಲ್ಲಿ, 2022ರ ಫೆಬ್ರವರಿ 16ರಂದು ಅದೇ ನ್ಯಾಯಾಲಯವು ಗ್ರಾಹಕ ವೇದಿಕೆಗಳಿಗೆ ಈ ಅಧಿಕಾರವಿದೆಯೆಂದು ಸ್ಪಷ್ಟಪಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ, 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಸಲಹೆಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿರಿ. ಒಂದೇ ತೊಂದರೆಗೆ ಒಳಗಾದ ಹಲವರ ಪರವಾಗಿ, ಆಯೋಗದ ಅನುಮತಿ ಪಡೆದು, ಒಬ್ಬರೇ ದೂರು ಕೊಡಲೂ ಕಾಯ್ದೆಯಲ್ಲಿ ಅವಕಾಶವಿದೆ.

ಬಂಧುಗಳೇ, ಮುಂಬಯಿ ಪ್ರಾಂತದ ಕಾಲದಲ್ಲಿ ಕರ್ಜಗಿಯ ಹೆಸರಿನಲ್ಲೇ ಒಂದು ತಾಲ್ಲೂಕಿತ್ತು. ಈ ಊರಿನ ಮಾತಿಗೆ ಅಂದಿನಿಂದಲೂ ತೂಕವಿದೆ. ನೂರು ಮಂದಿ ಸದ್ದಿಲ್ಲದೆ ಸಿಮ್ ಬದಲಿಸಿದರೆ ಕಂಪನಿಯ ಲೆಕ್ಕದಲ್ಲಿ ನೂರು ಗ್ರಾಹಕರು ಕಡಿಮೆಯಾದರೆಂದಷ್ಟೇ ಕಾಣುತ್ತದೆ, ಕಾರಣ ಕಾಣುವುದಿಲ್ಲ. ನೂರು ದೂರು ಸಂಖ್ಯೆಗಳನ್ನು ಒಂದು ಪಟ್ಟಿಯಲ್ಲಿ ಬರೆದು, ಗ್ರಾಮಸಭೆಯಲ್ಲಿ ಠರಾವು ಮಾಡಿ, ಕಂಪನಿಗೂ ದೂರಸಂಪರ್ಕ ಇಲಾಖೆಗೂ ಕಳುಹಿಸಿದರೆ ಕಾರಣವೂ ಕಾಣುತ್ತದೆ, ಊರೂ ಕಾಣುತ್ತದೆ. ಆ ಪಟ್ಟಿಗಾಗಿ ಒಂದು ವಹಿಯನ್ನು ಪಂಚಾಯಿತಿ ಕಚೇರಿಯಲ್ಲಿ ಇಡಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ. ಬರೆಯಲು ಬಾರದವರ ಪರವಾಗಿ ವಿದ್ಯಾರ್ಥಿಗಳು ಬರೆದುಕೊಡಲಿ.