ಯಂತ್ರದ ಕಂಠ, ಮಕ್ಕಳ ನಾಲಿಗೆ



ಬೆಂಗಳೂರಿನ ರಾಡೆಲ್ ಸಂಸ್ಥೆಯ ವಿದ್ಯುತ್ ತಂಬೂರಿ ನಮ್ಮ ಕೋಪರಿಯ ಕೆಲವು ಮನೆಗಳಲ್ಲೂ ಶ್ರುತಿ ಹಿಡಿಯುತ್ತಿದೆ. ಅದಕ್ಕೆ ನಾದವುಂಟು, ನುಡಿಯಿಲ್ಲ. ಜಪಾನಿನವರು ಯಂತ್ರಕ್ಕೆ ನುಡಿಯನ್ನೂ ಕಲಿಸಿದರು. ಯಮಾಹಾದವರ ವೊಕಲಾಯ್ಡ್ ತಂತ್ರಾಂಶವನ್ನು ಬಳಸಿ ಸಪ್ಪೊರೊ ನಗರದ ಕ್ರಿಪ್ಟನ್ ಸಂಸ್ಥೆಯವರು 2007ರ ಆಗಸ್ಟಿನಲ್ಲಿ ಹಾತ್ಸುನೆ ಮಿಕು ಎಂಬ ಗಾಯಕಿಯನ್ನು ಹೊರತಂದರು. ಹದಿನಾರರ ಹುಡುಗಿ, ಉದ್ದನೆಯ ನೀಲಿ ಜುಟ್ಟು ಎರಡು. ಆದರೆ ಬರಿಯ ಚಿತ್ರ. ಸ್ವರವನ್ನೂ ಸಾಹಿತ್ಯವನ್ನೂ ಬರೆದುಕೊಟ್ಟರೆ ಹಾಡುತ್ತಾಳೆ. ಗಂಟಲು ಕಟ್ಟುವ ಭಯವಿಲ್ಲ!

ಆ ಕಂಠವೇನೂ ಆಕಾಶದಿಂದ ಇಳಿದದ್ದಲ್ಲ. ಫುಜಿತಾ ಸಾಕಿ ಎಂಬ ಕಂಠದಾನ ಕಲಾವಿದೆಯ ಉಚ್ಚಾರಣೆಯ ತುಣುಕುಗಳನ್ನು ಮುದ್ರಿಸಿಕೊಂಡು ಪೋಣಿಸಿದ್ದು. ನಾಲಿಗೆ ಕೊಡದ ಅಕ್ಷರವನ್ನು ಯಂತ್ರ ಹಾಡಲಾರದು.

ನಮ್ಮ ಚಿಂತೆ ಇರುವುದು ಇಲ್ಲಿಯೇ. ಕಳೆದ ಉತ್ಸವಕ್ಕೆ ಮಕ್ಕಳಿಗೆ ಹಾಡನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಟ್ಟೆವು. ಮರಾಠಿಯಲ್ಲಿ ಳಕಾರವುಂಟು, ಎ-ಏ, ಒ-ಓ ಎಂಬ ಭೇದವಿಲ್ಲ. 'ವರ ಕೊಡು' ಎಂದು ದೇವಿಯನ್ನು ಬೇಡಬೇಕಾದ ಮಕ್ಕಳು 'ವರ ಕೋಡು' ಎಂದವು. ಕೋಡೆಂದರೆ ಕೊಂಬು! ನಾವೂ ನಕ್ಕೆವು. ತಪ್ಪು ಬರೆದುಕೊಟ್ಟ ನಮ್ಮದೇ ಆಗಿತ್ತು.

ನಾಳೆ ಯಾರಾದರೂ ಕನ್ನಡದ ಮಿಕುವಿಗೆ ಕಂಠ ಬೇಡಿ ಕೋಪರಿಗೆ ಬಂದರೆ ಯಾವ ಮಗುವನ್ನು ಮುಂದೆ ನಿಲ್ಲಿಸೋಣ? ಈ ಸಲ ಹಾಡನ್ನು ಕನ್ನಡ ಅಕ್ಷರದಲ್ಲಿಯೇ ಬರೆದು ಹಂಚಿದ್ದೇವೆ. ಓದಿಸುವ ಕೆಲಸ ತಾಯಂದಿರದು. ತಂದೆಗಳಿಗೂ ಬಿಡುವಿದ್ದರೆ ಬೇಡವೆನ್ನೆವು.