ಮೇಲೆ ಬೆಟ್ಟ, ಕೆಳಗೆ ಗದ್ದೆ, ನಡುವೆ ಬಾವಿ



ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವ ಕೇಳುಗರ ಪತ್ರಗಳಲ್ಲಿ ಒಂದೇ ಪ್ರಶ್ನೆ ತಿರುಗಿ ತಿರುಗಿ ಬರುತ್ತಿದೆ. ಇಷ್ಟೊಂದು ಮಳೆ ಹೊಯ್ಯುವ ಊರಲ್ಲಿ ಮಾರ್ಚಿಗೇ ಬಾವಿ ಬತ್ತುತ್ತದಲ್ಲ, ಟ್ಯಾಂಕರಿಗೆ ಕೊಡ ಇಟ್ಟು ಕಾಯಬೇಕಲ್ಲ, ಯಾಕೆ ಹೀಗೆ ಅಂತ. ಕೆಲವರು ಉತ್ತರವನ್ನೂ ತಾವೇ ಬರೆದು ಕಳಿಸುತ್ತಾರೆ: ಮಳೆ ಕಡಿಮೆಯಾಗಿದೆ.

ಮಳೆಯನ್ನು ಬೈಯುವ ಮೊದಲು ಒಂದು ಲೆಕ್ಕ ಮಾಡಿ. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 2,500 ಮಿ.ಮೀ. ಬಿದ್ದರೆ ಎಕರೆಗೆ ಒಂದು ಕೋಟಿ ಲೀಟರ್. ಆಗುಂಬೆಯಲ್ಲಿ ಇದರ ಎರಡು ಪಟ್ಟಿಗೂ ಮಿಕ್ಕಿ ಬೀಳುತ್ತದೆ. ಜಡಿಮಳೆ ಹೋಗಿ ಒಮ್ಮೆಲೇ ಸುರಿದು ನಿಲ್ಲುವ ಮಳೆ ಬಂದಿದೆ, ಒಪ್ಪಿದೆ. ಆದರೂ ಕೋಟಿ ಲೀಟರ್ ಬಿದ್ದ ಎಕರೆಯಲ್ಲಿ ಮಾರ್ಚಿಗೆ ಒಂದು ಕೊಡ ಇಲ್ಲವೆಂದರೆ ಕಾರಣವನ್ನು ನೆಲದಲ್ಲಿ ಹುಡುಕಬೇಕು.

ಸಾಗರದ ಹತ್ತಿರದ ನಮ್ಮ ಹೆಗ್ಗೋಡಿನ ಸುತ್ತಲಿನ ನೆಲವನ್ನೇ ನೋಡಿ. ಮೇಲೆ ಕಾನು ಎಂಬ ದಟ್ಟ ಕಾಡು, ಅದರ ಕೆಳಗೆ ಸೊಪ್ಪಿನ ಬೆಟ್ಟ, ಹುಲ್ಲಿನ ಬ್ಯಾಣ, ಇನ್ನೂ ಕೆಳಗೆ ತೋಟ, ತಳದಲ್ಲಿ ಗದ್ದೆ ಬಯಲು, ಬಯಲ ನಡುವೆ ಹಳ್ಳ. ಬೆಟ್ಟದ ದರಗಿನ ಮೇಲೆ ಬಿದ್ದ ಮಳೆ ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿಯುತ್ತದೆ. ಅಡಿಯಲ್ಲಿ ಜೇಡಿ ಸಿಕ್ಕಲ್ಲಿ ಮುಂದೆ ಇಳಿಯಲಾರದೆ ನಿಧಾನವಾಗಿ ತಗ್ಗಿನ ಕಡೆಗೆ ಸರಿಯುತ್ತದೆ. ನಿಮ್ಮ ಬಾವಿಯ ಒರತೆ ಅದೇ. ಇಷ್ಟು ಎಲ್ಲರಿಗೂ ಗೊತ್ತು. ತಗ್ಗಿನಲ್ಲಿ ಆ ನೀರನ್ನು ತಡೆದು ನಿಲ್ಲಿಸುತ್ತಿದ್ದದ್ದು ಯಾವುದು ಎಂಬುದನ್ನು ಮಾತ್ರ ಮರೆತಿದ್ದೇವೆ.

ಅದು ಗದ್ದೆ. ಅಂಚು ಕಟ್ಟಿದ ಗದ್ದೆಯಲ್ಲಿ ನಾಲ್ಕು ಬೆರಳು ನೀರು ನಿಂತರೆ ಎಕರೆಗೆ ಸುಮಾರು 3 ಲಕ್ಷ ಲೀಟರ್. ಮಳೆಗಾಲವಿಡೀ ಅದು ಹಾಗೇ ತುಂಬಿ ನಿಂತಿರುತ್ತಿತ್ತು. ತಗ್ಗು ತುಂಬಿದ್ದರೆ ಬೆಟ್ಟದಿಂದ ಬರುವ ನೀರು ಅವಸರದಲ್ಲಿ ಇಳಿದು ಹೋಗುವುದಿಲ್ಲ, ಹಿಂದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಮೇಲಿನ ಮನೆಯ ಬಾವಿ ತುಂಬಿರುತ್ತಿದ್ದದ್ದು ಕೆಳಗಿನ ಮನೆಯವರ ಗದ್ದೆಯ ದೆಸೆಯಿಂದ.

ಈಗ ಆ ಗದ್ದೆ ತೋಟವಾಗಿದೆ. ಭತ್ತದಲ್ಲಿ ಗಿಟ್ಟುವುದಿಲ್ಲ, ನಾಟಿಗೆ ಆಳಿಲ್ಲ, ಅಡಿಕೆಗೆ ದರ ಇದೆ. ರೈತರನ್ನು ನಾನು ದೂರುವುದಿಲ್ಲ, ನಾನೂ ಅಡಿಕೆಯನ್ನೇ ಉಣ್ಣುವವನು. ಆದರೆ ಅಡಿಕೆಯ ಬೇರಿಗೆ ನೀರು ನಿಲ್ಲಬಾರದು. ಆದ್ದರಿಂದ ಮೊದಲು ಬರುವುದು ಜೆಸಿಬಿ, ತೋಡುವುದು ಬಸಿಗಾಲುವೆ. ಮೂರಡಿ ಆಳ, ಕೆಲವು ಕಡೆ ಅದಕ್ಕಿಂತ ಹೆಚ್ಚು. ತೊಟ್ಟಿಯ ತಳದ ಬಿರಡೆ ಕಿತ್ತ ಹಾಗೆ. ಬಯಲಿನ ನೀರು ಮೂರಡಿ ಇಳಿಯಿತೆಂದರೆ ಅದರ ಮೇಲ್ಭಾಗದ ನೀರೂ ಇಳಿಯುತ್ತದೆ. ತಿಂಗಳುಗಟ್ಟಲೆ ನಿಲ್ಲಬೇಕಾದ ನೀರು ಮಳೆ ನಿಂತ ಕೆಲವೇ ವಾರದಲ್ಲಿ ಹಳ್ಳ ಸೇರುತ್ತದೆ. ಹಳ್ಳ ಪಡುವಣಕ್ಕೆ ಹೋದರೆ ಶರಾವತಿ, ಮೂಡಣಕ್ಕೆ ಹೋದರೆ ವರದಾ. ನಿಮ್ಮ ಬಾವಿಗಂತೂ ತಿರುಗಿ ಬರುವುದಿಲ್ಲ.

ಇನ್ನೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ: ತಗ್ಗಿನಲ್ಲಿ ಕಾಲುವೆ ತೋಡಿದರೆ ಏರಿನ ಬಾವಿ ಇಳಿಯುತ್ತದೆ. ನಮ್ಮ ಕೇರಿಯಲ್ಲೇ ಒಂದು ಬಯಲು ಪೂರ್ತಿ ತೋಟವಾದ ಮೇಲೆ ಬೇಸಿಗೆಯಲ್ಲೂ ನೀರಿರುತ್ತಿದ್ದ ಮನೆಬಾವಿಗಳ ತಳ ಕಂಡಿತು. ಮನೆಯವರು ಮಾಡಿದ್ದೇನು? ಕೈಯಲ್ಲಿ ತೆಂಗಿನಕಾಯಿ ಹಿಡಿದು ನೀರು ತೋರಿಸುವವರನ್ನು ಕರೆಸಿದರು, ಬೋರ್ ಕೊರೆಸಿದರು. ಕಾಯಿ ಎದ್ದು ನಿಂತಿತು, ನೀರು ಏಳಲಿಲ್ಲ. ಬೋರ್ ಎಂದರೆ ಎಲ್ಲೋ ಆಳದ ಬಂಡೆ ಬಿರುಕಿನಲ್ಲಿ ಇದ್ದದ್ದನ್ನು ಎಳೆಯುವುದು. ಮೇಲಿನ ನೀರನ್ನು ಹಳ್ಳಕ್ಕೆ ಬಿಟ್ಟು ಕೆಳಗಿನದಕ್ಕೆ ಸಾಲ ಮಾಡುವುದು ಯಾವ ಬುದ್ಧಿವಂತಿಕೆಯೋ ನನಗೆ ತಿಳಿಯದು.

ಲಿಂಗನಮಕ್ಕಿ ಹಿನ್ನೀರು ಹತ್ತಿರವೇ ಇದೆ, ನಮ್ಮ ಅಂತರ್ಜಲಕ್ಕೆ ಭಯವಿಲ್ಲ ಎನ್ನುವವರಿಗೂ ಒಂದು ಮಾತು. 1964ರಲ್ಲಿ ಕಟ್ಟಿದ ಆ ಅಣೆಕಟ್ಟು 150 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತದೆ, ನಿಜ. ಆದರೆ ಹಿನ್ನೀರು ನಿಮ್ಮ ಬಯಲಿಗಿಂತಲೂ ತಗ್ಗಿನಲ್ಲಿದೆ, ನಿಮ್ಮ ಬಾವಿ ಏರಿನಲ್ಲಿದೆ; ಅಲ್ಲಿನ ನೀರು ಮೇಲಕ್ಕೆ ಹತ್ತಿ ಬರುವುದಿಲ್ಲ.

ಮರ ನೆಟ್ಟರೆ ಆಯಿತು ಎನ್ನುವವರೂ ಇದ್ದಾರೆ. ಯಾವ ಮರ? 1980ರಲ್ಲಿ ಮೈಸೂರು ಕಾಗದ ಕಾರ್ಖಾನೆಗೆ ಶಿವಮೊಗ್ಗ ಸುತ್ತಲಿನ ಕಾಡನ್ನು 40 ವರ್ಷದ ಗುತ್ತಿಗೆಗೆ ಕೊಟ್ಟರು. ಎಷ್ಟೋ ಗುಡ್ಡಗಳು ಅಕೇಶಿಯಾ, ನೀಲಗಿರಿ ನೆಡುತೋಪುಗಳಾದವು. 2020ರಲ್ಲಿ ಗುತ್ತಿಗೆ ಮುಗಿಯುವ ಹೊತ್ತಿಗೆ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಚಳವಳಿಯೇ ನಡೆಯಿತು. ಅಕೇಶಿಯಾ ತೋಪಿನೊಳಗೆ ಹೋಗಿ ನೋಡಿ, ಎಲೆ ಬೇಗ ಕೊಳೆಯುವುದಿಲ್ಲ, ಅಡಿಯಲ್ಲಿ ಹಳು ಹುಟ್ಟುವುದಿಲ್ಲ. ನಮಗೆ ಬೇಕಾದದ್ದು ಕಾನು. ಸೊರಬದ ಕಾನುಗಳ ಬಗ್ಗೆ ಬ್ರಿಟಿಷ್ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದಿದ್ದರು. ಕಾನು ಉಳಿಯಬೇಕೆಂಬುದು ನಿನ್ನೆ ಮೊನ್ನೆಯ ಮಾತಲ್ಲ.

ನೆಲದ ಬಳಕೆಯ ಯೋಜನೆ ಎಂದರೆ ನಮ್ಮಲ್ಲಿ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳ ಕುರಿತ ಕಸ್ತೂರಿರಂಗನ್ ವರದಿಯ ಪಟ್ಟಿಯಲ್ಲಿ ನಮ್ಮ ಹಳ್ಳಿ ಇದೆಯೋ ಇಲ್ಲವೋ ಎಂಬ ಜಗಳ ಅಷ್ಟೇ ಆಗಿಬಿಟ್ಟಿದೆ. ವರದಿ ಬಂದದ್ದು 2013ರಲ್ಲಿ. ಪರ ಸಭೆ, ವಿರೋಧ ಸಭೆ ಎರಡೂ ನಡೆಯುತ್ತಿವೆ. ಬಸಿಗಾಲುವೆಯ ಮಾತು ಎರಡರಲ್ಲೂ ಇಲ್ಲ. ಇಲಾಖೆಗಳನ್ನು ಕೇಳೋಣವೆಂದರೆ ಕಾನು ಅರಣ್ಯದವರದು, ಗೋಮಾಳ ಕಂದಾಯದವರದು, ತೋಟ ತೋಟಗಾರಿಕೆಯವರದು, ಗದ್ದೆ ಕೃಷಿಯವರದು, ಕುಡಿಯುವ ನೀರು ಪಂಚಾಯ್ತಿಯದು. ಒಂದೇ ಹಳ್ಳದ ಜಾಡಿಗೆ ಐದು ಕಡತ. ಕೇರಳದಲ್ಲಿ ಭತ್ತದ ಗದ್ದೆ ಉಳಿಸಲು 2008ರಲ್ಲೇ ಕಾಯ್ದೆ ತಂದರು. ಅದರಿಂದ ಎಲ್ಲ ಗದ್ದೆ ಉಳಿಯಿತೆಂದಲ್ಲ, ಕೇಳುವವರು ಒಬ್ಬರಿದ್ದಾರೆ ಎಂದಾಯಿತು. ನಮ್ಮಲ್ಲಿ ಗದ್ದೆ ತೋಟವಾದರೆ ಪಹಣಿಯಲ್ಲಿ ಬೆಳೆಯ ಹೆಸರು ಬದಲಾಗುತ್ತದೆ, ಅಷ್ಟೇ. ಬೆಟ್ಟದಿಂದ ಬಯಲಿನವರೆಗೆ ಅಡಿಕೆಯೊಂದನ್ನೇ ನೆಚ್ಚಿದರೆ ಎಲೆಚುಕ್ಕೆ ರೋಗ ಬಂದಾಗ ಏನಾಗುತ್ತದೆ ಎಂಬುದನ್ನು ಹೊಸನಗರ, ತೀರ್ಥಹಳ್ಳಿಯವರಿಗೆ ನಾನು ಹೇಳಬೇಕಿಲ್ಲ.

ಪರಿಹಾರದ ಬಗ್ಗೆ ಬಹಳ ಹೇಳಬೇಕೆಂದಿದ್ದೆ, ಸಮಯ ಮೀರುತ್ತಿದೆ. ಇಂಗುಗುಂಡಿ ಒಳ್ಳೆಯದೇ, ಆದರೆ ಕಡಿದಾದ ಗುಡ್ಡದಲ್ಲಿ, ಕೆಳಗೆ ಮನೆಗಾಗಿ ಧರೆ ಕಡಿದಲ್ಲಿ ತೋಡಬೇಡಿ, ಧರೆ ಕುಸಿದೀತು. ತೋಟ ಮಾಡಿ ಆಗಿದ್ದರೆ ಮಳೆ ಕಡಿಮೆಯಾಗುತ್ತಿದ್ದಂತೆ ಬಸಿಗಾಲುವೆಯ ಬಾಯಿಗೆ ಮರಳಿನ ಚೀಲ ಇಟ್ಟು ಕಟ್ಟಿ. ಬೇರಿಗೆ ತೊಂದರೆಯಾಗದಷ್ಟು ನೀರು ನಿಲ್ಲಲಿ, ಮುಂದಿನ ಮಳೆಗೆ ಮೊದಲು ಬಿಚ್ಚಿ. ಹಳ್ಳಕ್ಕೆ ಡಿಸೆಂಬರ್ ಒಳಗೆ ಕಟ್ಟ ಹಾಕಿ, ಫೆಬ್ರವರಿಯಲ್ಲಿ ಹಾಕಿದರೆ ನಿಲ್ಲಿಸಲು ನೀರೇ ಇರುವುದಿಲ್ಲ.

ಈ ಸಲ ಕೊಯ್ಲು ಮುಗಿದು ಬಯಲಿಗೆ ಜೆಸಿಬಿ ಇಳಿಯುವ ಮುನ್ನ ಆ ಹಳ್ಳದ ಜಾಡಿನವರೆಲ್ಲ, ಏರಿನವರೂ ತಗ್ಗಿನವರೂ, ಒಂದು ದಿನ ಕೂತು ಮಾತಾಡಿ. ಗದ್ದೆ ಉಳಿಸಿಕೊಂಡವರ ಕೈ ಹಿಡಿಯುವುದು ಹೇಗೆಂದು ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.