ಎರಡಲಗಿನ ಬ್ಲೇಡು



ಪ್ರತಿದಿನವೂ ಬೆಳಗಿನ ಹೊತ್ತು ಗಂಡಸರಲ್ಲಿ ಬಹುಮಂದಿ ಕನ್ನಡಿಯ ಮುಂದೆ ನಿಂತು ಮಾಡುವ ಕೆಲಸವೊಂದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಇದೇನು ಮಹಾ ವಿಷಯವೆಂದು ಕೆಲವರಿಗೆ ತೋರಬಹುದು. ಇಪ್ಪತ್ತನೆಯ ವಯಸ್ಸಿನಿಂದ ಎಪ್ಪತ್ತರವರೆಗೆ ದಿನಕ್ಕೆ ಹತ್ತು ನಿಮಿಷದಂತೆ ಲೆಕ್ಕ ಹಾಕಿದರೆ ಮುಖಕ್ಷೌರಕ್ಕಾಗಿ ಒಬ್ಬನು ವೆಚ್ಚಮಾಡುವ ಕಾಲವು 3,000 ಗಂಟೆಗಳನ್ನು ಮೀರುವುದು; ಹಗಲಿರುಳು ಸೇರಿ ನಾಲ್ಕು ತಿಂಗಳಿಗೂ ಹೆಚ್ಚಾಯಿತು. ಇಷ್ಟು ಕಾಲ ನಮ್ಮ ಕೆನ್ನೆಯ ಮೇಲೆ ಓಡಾಡುವ ಅಲಗು ಎಂತಹುದು, ಒಂದಕ್ಕೂ ಇನ್ನೊಂದಕ್ಕೂ ಇರುವ ತಾರತಮ್ಯವೇನು ಎಂಬುದನ್ನು ವಿಚಾರಿಸುವುದು ಅನುಚಿತವಾಗಲಾರದು. ಮಹಿಳೆಯರಿಗೆ ಇದರಲ್ಲಿ ಸಂಬಂಧವೇನೆಂದು ಕೇಳುವುದಾದರೆ, ನಮ್ಮ ಭಾಷಣದ ಕಡೆಯ ಭಾಗವು ಮನೆಯವರೆಲ್ಲರಿಗೂ ಸೇರಿದುದೆಂದು ಮೊದಲೇ ಅರಿಕೆಮಾಡಿಕೊಳ್ಳುತ್ತೇವೆ.

ನಮ್ಮ ಹಿರಿಯರಿಗೆ ಈ ಚಿಂತೆ ಇರಲಿಲ್ಲ. ಪಂಚಾಂಗವನ್ನು ನೋಡಿ, ಮಂಗಳವಾರ ಶನಿವಾರಗಳನ್ನೂ ಅಮಾವಾಸ್ಯೆಯನ್ನೂ ಕಳೆದು, ಉಳಿದ ದಿನಗಳಲ್ಲೊಂದರಂದು ಕ್ಷೌರಿಕನು ಹಡಪವನ್ನು ಹಿಡಿದು ಮನೆಯ ಜಗಲಿಗೇ ಬರುತ್ತಿದ್ದನು. ಕತ್ತಿಗೆ ಸಾಣೆ ಕೊಟ್ಟು, ಚರ್ಮದ ಪಟ್ಟಿಯ ಮೇಲೆ ಮಸೆದು, ಅದರ ಧಾರೆಯನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬರುವ ವಿದ್ಯೆಯು ಅವನ ಕೈಯಲ್ಲಿದ್ದಿತು. ಕ್ಷುರದ ಧಾರೆಯು ಎಷ್ಟು ತೀಕ್ಷ್ಣವಾದುದೆಂಬುದನ್ನು ಪೂರ್ವಿಕರು ಬಲ್ಲವರಾಗಿದ್ದುದರಿಂದಲೇ ಕಠೋಪನಿಷತ್ತು ಆತ್ಮಜ್ಞಾನಮಾರ್ಗದ ದುರ್ಗಮತೆಗೆ ಅದನ್ನು ಉಪಮಾನವಾಗಿ ಗ್ರಹಿಸಿತು. ಮನುಷ್ಯನು ದಿನಂಪ್ರತಿ ತಾನೇ ಕ್ಷೌರ ಮಾಡಿಕೊಳ್ಳುವ ಪದ್ಧತಿಯು ಬಂದಮೇಲೆ ಸಾಣೆಯ ವಿದ್ಯೆಯನ್ನು ಎಲ್ಲರೂ ಕಲಿಯುವುದು ಸಾಧ್ಯವಾಗಲಿಲ್ಲ. ಈ ತೊಡಕನ್ನು ಬಿಡಿಸಿದವನು ಅಮೆರಿಕಾದ ಕಿಂಗ್ ಕ್ಯಾಂಪ್ ಜಿಲೆಟ್.

ಊರೂರು ತಿರುಗಿ ಸರಕು ಮಾರುತ್ತಿದ್ದ ಜಿಲೆಟ್ಟನಿಗೆ 1895ರಲ್ಲಿ ಒಂದು ಯೋಚನೆ ಹೊಳೆಯಿತು. ಧಾರೆ ಮೊಂಡಾದರೆ ಸಾಣೆ ಹಿಡಿಯುವ ಗೋಜೇಕೆ? ಎಸೆದುಬಿಡಬಹುದಾದಷ್ಟು ಅಗ್ಗವೂ ತೆಳುವೂ ಆದ ಉಕ್ಕಿನ ತಗಡೊಂದನ್ನು ಮಾಡಿ ಅದರ ಎರಡು ಅಂಚುಗಳಿಗೂ ಧಾರೆ ಕೊಟ್ಟರೆ ಸಾಕಲ್ಲವೆ? ಅಷ್ಟು ತೆಳುವಾದ ಉಕ್ಕಿಗೆ ಹದ ಕೊಡುವುದು ಆಗದ ಮಾತೆಂದು ಬಲ್ಲವರು ಹೇಳಿದರು. ಕಡೆಗೆ ವಿಲಿಯಂ ನಿಕರ್ಸನ್ ಎಂಬ ಇಂಜಿನಿಯರು ಅದಕ್ಕೆ ತಕ್ಕ ಯಂತ್ರಗಳನ್ನು ರಚಿಸಿದನು. 1903ರಲ್ಲಿ ಮಾರಾಟವಾದುವು 51 ರೇಜರುಗಳು ಮತ್ತು 168 ಬ್ಲೇಡುಗಳು ಮಾತ್ರ. ಮರುವರ್ಷ, ಅಂದರೆ ಪೇಟೆಂಟು ದೊರೆತ 1904ರಲ್ಲಿ, ರೇಜರುಗಳ ಸಂಖ್ಯೆಯು ತೊಂಬತ್ತು ಸಾವಿರದ ಸಮೀಪಕ್ಕೆ ಏರಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕಾ ಸರ್ಕಾರವು ತನ್ನ ಸೈನಿಕರಿಗೆ ಇದನ್ನು ಒದಗಿಸಿದ್ದರಿಂದ, ಯುದ್ಧ ಮುಗಿಸಿ ಮನೆಗೆ ಮರಳಿದವರು ಈ ಅಭ್ಯಾಸವನ್ನೂ ಜೊತೆಯಲ್ಲಿ ತಂದರು.

ಆ ಕಾಲದ ಬ್ಲೇಡುಗಳು ಇಂಗಾಲದ ಉಕ್ಕಿನವು. ಒಂದು ರಾತ್ರಿ ತೇವದಲ್ಲಿ ಬಿಟ್ಟರೆ ತುಕ್ಕು ಹಿಡಿಯುವಂತಹವು. 1960ರ ದಶಕದ ಆದಿಯಲ್ಲಿ, ಹಿಂದಿನಿಂದಲೂ ಖಡ್ಗಗಳಿಗೆ ಪ್ರಸಿದ್ಧವಾಗಿದ್ದ ಇಂಗ್ಲೆಂಡಿನ ವಿಲ್ಕಿನ್ಸನ್ ಸ್ವೋರ್ಡ್ ಸಂಸ್ಥೆಯು ತುಕ್ಕು ಹಿಡಿಯದ ಉಕ್ಕಿನ ಬ್ಲೇಡನ್ನು ಪೇಟೆಗೆ ತಂದಿತು. ಅದರ ಬಾಳಿಕೆಯನ್ನು ಕಂಡ ಜನರು ಅಂಗಡಿಗಳಿಗೆ ಮುಗಿಬಿದ್ದರು. 1963ರಲ್ಲಿ ಜಿಲೆಟ್ ಸಂಸ್ಥೆಯೂ ಆ ದಾರಿಯನ್ನೇ ಹಿಡಿಯಬೇಕಾಯಿತು.

ಇನ್ನು ಬ್ಲೇಡಿನ ಅಂಗರಚನೆಯನ್ನು ನೋಡೋಣ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಹೆಚ್ಚು ಕಡಮೆ ಗಡ್ಡದ ಕೂದಲೊಂದರ ದಪ್ಪದಷ್ಟೇ. ಧಾರೆಯ ತುದಿಯಾದರೋ ಕೂದಲಿನ ಸಾವಿರದ ಒಂದು ಭಾಗಕ್ಕಿಂತಲೂ ಸೂಕ್ಷ್ಮವಾದುದು. ಸುಮಾರು ನೂರಕ್ಕೆ ಹದಿಮೂರು ಪಾಲು ಕ್ರೋಮಿಯಂ ಬೆರೆತ ಉಕ್ಕನ್ನು ಕೆಂಪಗೆ ಕಾಯಿಸಿ, ಥಟ್ಟನೆ ತಣಿಸಿ ಹದಗೊಳಿಸುತ್ತಾರೆ; ಬಳಿಕ ಒಂದರ ಮೇಲೊಂದರಂತೆ ನಯವಾದ ಸಾಣೆಚಕ್ರಗಳಿಗೆ ಒಡ್ಡಿ ಧಾರೆ ತೆಗೆಯುತ್ತಾರೆ. ಹೊದಿಕೆಯ ಮೇಲೆ ಪ್ಲಾಟಿನಂ ಎಂದು ಬರೆದಿರುವುದನ್ನು ಕಂಡು ಬ್ಲೇಡೆಲ್ಲವೂ ಆ ಬೆಲೆಬಾಳುವ ಲೋಹದ್ದೆಂದು ಯಾರೂ ಭ್ರಮಿಸಬೇಕಾಗಿಲ್ಲ. ಧಾರೆಯನ್ನು ಕಾಪಾಡುವುದಕ್ಕಾಗಿ ಬಳಿದ ಅತಿ ತೆಳುವಾದ ಲೇಪವದು. ಅದರ ಮೇಲೆ ಟೆಫ್ಲಾನಿನ ಲೇಪವೊಂದು ಇರುವುದು. ಚರ್ಮದ ಮೇಲೆ ಬ್ಲೇಡು ಜಾರಿಕೊಂಡು ಹೋಗುವುದು ಅದರಿಂದಲೇ.

ಆದಕಾರಣ ಬ್ಲೇಡುಗಳನ್ನು ತೂಗಿ ನೋಡುವಾಗ ಮೂರು ಗುಣಗಳನ್ನು ಬೇರೆಬೇರೆಯಾಗಿ ಗಮನಿಸತಕ್ಕದ್ದು: ತೀಕ್ಷ್ಣತೆ, ನಯ, ಬಾಳಿಕೆ. ಕೂದಲನ್ನು ಎಳೆಯದೆ ಕತ್ತರಿಸುವುದು ತೀಕ್ಷ್ಣತೆ. ಚರ್ಮವನ್ನು ಕೆರೆಯದೆ ಸಾಗುವುದು ನಯ. ಇವೆರಡೂ ಎಷ್ಟು ದಿನ ನಿಲ್ಲುವುವು ಎಂಬುದು ಬಾಳಿಕೆ. ಮೊದಲನೆಯದು ಇದ್ದಲ್ಲಿ ಎರಡನೆಯದೂ ಇರಬೇಕೆಂಬ ನಿಯಮವಿಲ್ಲ.

ಜಪಾನಿನ ಫೆದರ್ ಬ್ಲೇಡು ತೀಕ್ಷ್ಣತೆಗೆ ಹೆಸರಾದುದು. ಶತಮಾನಗಳಿಂದ ಖಡ್ಗ ಮಾಡುವ ಕಮ್ಮಾರರ ನೆಲೆಯಾದ ಸೆಕಿ ಎಂಬ ಊರಿನಲ್ಲಿ 1932ರಲ್ಲಿ ಆ ಸಂಸ್ಥೆ ಹುಟ್ಟಿತು. ಒರಟಾದ ಗಡ್ಡವುಳ್ಳವರೂ ಕೈ ಪಳಗಿದವರೂ ಅದನ್ನು ಹೊಗಳುತ್ತಾರೆ. ಹೊಸಬರ ಕೈಯಲ್ಲಿ ಅದು ಚಿಕ್ಕ ತಪ್ಪನ್ನೂ ಮನ್ನಿಸುವುದಿಲ್ಲ. ತುರ್ಕಿಯ ಡರ್ಬಿ ಸೌಮ್ಯ ಸ್ವಭಾವದ್ದು. ತೆಳುವಾದ ಗಡ್ಡಕ್ಕೂ ಕೋಮಲವಾದ ಚರ್ಮಕ್ಕೂ ಹಿತ, ಒತ್ತಾಗಿ ಬೆಳೆದ ಗಡ್ಡದಲ್ಲಿ ಮಾತ್ರ ತುಸು ಎಳೆಯುವುದೆಂದು ದೂರುಂಟು. ಅಸ್ಟ್ರಾದ ಪ್ಲಾಟಿನಂ ಬ್ಲೇಡನ್ನು ಬಹುಮಂದಿ ಇವೆರಡರ ನಡುವೆ ಇರಿಸುತ್ತಾರೆ. ನಮ್ಮ ದೇಶದ ಅಂಗಡಿಗಳಲ್ಲಿ ಬಹುಕಾಲದಿಂದ ಪರಿಚಿತವಾದ ಸೆವೆನ್ ಓ ಕ್ಲಾಕ್, ಟೋಪಾಜ್, ಸೂಪರ್‌ಮ್ಯಾಕ್ಸ್ ಮೊದಲಾದವುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದೇ ಹೆಸರಿನಲ್ಲಿ ಬೇರೆಬೇರೆ ಬಗೆಗಳು ದೊರೆಯುವುದುಂಟು. ಹೆಸರಿನ ಜೊತೆಗೆ ಪೊಟ್ಟಣದ ಬಣ್ಣವನ್ನೂ ಬರಹವನ್ನೂ ನೋಡಿ ಕೊಳ್ಳತಕ್ಕದ್ದು.

ಹಾಗಾದರೆ ಎಲ್ಲಕ್ಕಿಂತಲೂ ಉತ್ತಮವಾದುದು ಯಾವುದೆಂದು ತಾವು ಕೇಳಬಹುದು. ಗಡ್ಡವು ಒಬ್ಬೊಬ್ಬರದು ಒಂದೊಂದು ಬಗೆ, ಚರ್ಮವೂ ಹಾಗೆಯೇ. ನೆರೆಮನೆಯವರಿಗೆ ಒಗ್ಗಿದುದು ನಮಗೆ ಒಗ್ಗಬೇಕೆಂಬುದಿಲ್ಲ. ಪರೀಕ್ಷೆಯನ್ನು ಪ್ರತಿಯೊಬ್ಬರೂ ತಾವೇ ಮಾಡಬೇಕು. ರೇಜರು, ಸಾಬೂನು, ಕುಂಚ, ಹೊತ್ತು ಇವು ಯಾವುವನ್ನೂ ಬದಲಿಸದೆ ಬ್ಲೇಡನ್ನು ಮಾತ್ರ ವಾರಕ್ಕೊಂದರಂತೆ ಬದಲಿಸಿರಿ. ಹೊದಿಕೆಯೂ ಬೆಲೆಯೂ ಮನಸ್ಸನ್ನು ಓಲಿಸುವುವಾದ ಕಾರಣ, ಮನೆಯವರಲ್ಲಿ ಯಾರಾದರೂ ಬ್ಲೇಡನ್ನು ಜೋಡಿಸಿ, ಅದರ ಹೆಸರನ್ನು ಗುಟ್ಟಾಗಿ ಬರೆದಿಟ್ಟುಕೊಂಡರೆ ಮತ್ತೂ ಒಳ್ಳೆಯದು. ಎಳೆಯಿತೆ, ಉರಿಯಿತೆ, ಗಾಯವಾಯಿತೆ ಎಂಬುದನ್ನು ದಿನವೂ ಒಂದು ಸಾಲಿನಲ್ಲಿ ಗುರುತು ಹಾಕಿರಿ. ಒಂದೇ ಬ್ಲೇಡಿನಿಂದ ತೀರ್ಮಾನಕ್ಕೆ ಬರುವುದು ಆತುರವಾದೀತು. ಎರಡು ಮೂರನ್ನಾದರೂ ನೋಡಬೇಕು. ಬೆಲೆಯನ್ನು ಕ್ಷೌರಗಳ ಸಂಖ್ಯೆಯಿಂದ ಭಾಗಿಸಿರಿ. ಎರಡು ರೂಪಾಯಿನ ಬ್ಲೇಡು ಎರಡು ದಿನ ಬಂದು, ಐದು ರೂಪಾಯಿನದು ಐದು ದಿನ ಬಂದರೆ ಎರಡರ ಬೆಲೆಯೂ ಒಂದೇ ಅಲ್ಲವೆ?

ಬ್ಲೇಡನ್ನು ದೂರುವ ಮೊದಲು ನೀರನ್ನು ವಿಚಾರಿಸಬೇಕು. ಒಣಗಿದ ಕೂದಲು ಗಡುಸು. ಎರಡು ಮೂರು ನಿಮಿಷ ಬಿಸಿನೀರಿನಲ್ಲಿ ನೆನೆದರೆ ಅದು ನೀರನ್ನು ಹೀರಿ ಮೆತ್ತಗಾಗುವುದು. ಆದ್ದರಿಂದಲೇ ಸ್ನಾನದ ಅನಂತರ ಮಾಡುವ ಕ್ಷೌರ ಸುಖಕರ. ಆಚಾರವಂತರು ಕ್ಷೌರವಾದಮೇಲೆ ಸ್ನಾನವೆನ್ನುವರು. ಅಂತಹವರು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡರೂ ಸರಿಯೆ. ರೇಜರನ್ನು ಸುಮಾರು 30 ಅಂಶದ ಕೋನದಲ್ಲಿ ಹಿಡಿದು, ಒತ್ತದೆ, ಅದರ ಭಾರದಿಂದಲೇ ಸಾಗಗೊಡಬೇಕು. ಮೊದಲು ಕೂದಲು ಬೆಳೆದ ದಿಕ್ಕಿನಲ್ಲಿಯೇ ಎಳೆಯಬೇಕು. ಉಕ್ಕು ಕೂದಲಿಗಿಂತ ಸುಮಾರು ಐವತ್ತು ಪಟ್ಟು ಗಟ್ಟಿಯಾಗಿದ್ದರೂ ಕೂದಲಿನಿಂದ ಅದು ಹೇಗೆ ಕೆಡುವುದೆಂಬ ಪ್ರಶ್ನೆಗೆ ಅಮೆರಿಕಾದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ಉತ್ತರ ಕೊಟ್ಟರು. ಕೂದಲು ಅಲಗಿಗೆ ಓರೆಯಾಗಿ ಬಾಗಿದಾಗ, ಉಕ್ಕಿನ ಕಣರಚನೆ ಎಲ್ಲಿ ಏಕರೂಪವಾಗಿಲ್ಲವೋ ಅಲ್ಲಿ ಧಾರೆಯಿಂದ ಸೂಕ್ಷ್ಮವಾದ ಚೂರುಗಳು ಸಿಡಿಯುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. ಇಷ್ಟು ನವುರಾದ ಧಾರೆಯನ್ನು ಟವಲಿನಿಂದ ಉಜ್ಜಿ ಒರಸುವುದು ಸಲ್ಲದು. ನೀರಿನಲ್ಲಿ ತೊಳೆದು, ಕೊಡವಿ, ಒಣಗಲು ಬಿಟ್ಟರೆ ಸಾಕು.

ಈಗ ಮನೆಯವರೆಲ್ಲರೂ ಕೇಳಬೇಕಾದ ಮಾತು. ತಂದೆಯ ಬ್ಲೇಡನ್ನು ಮಗನೂ, ಅಣ್ಣನದನ್ನು ತಮ್ಮನೂ ಬಳಸುವುದು ಮಿತವ್ಯಯವೆಂದು ಎಣಿಸುವವರಿದ್ದಾರೆ. ಕಣ್ಣಿಗೆ ಕಾಣದ ಗಾಯದಿಂದ ಅಲಗಿಗೆ ಅಂಟಿದ ರಕ್ತದ ಮೂಲಕ ಪಿತ್ತಕೋಶವನ್ನಲ್ಲ, ಯಕೃತ್ತನ್ನೇ ಹಾಳುಮಾಡುವ ಹೆಪಟೈಟಿಸ್ ಬಿ ಮತ್ತು ಸಿ ರೋಗಗಳು ಒಬ್ಬರಿಂದೊಬ್ಬರಿಗೆ ಹರಡಬಲ್ಲವು. ಇವುಗಳಲ್ಲಿ ಬಿ ರೋಗದ ವೈರಸ್ಸು ಒಣಗಿದ ಮೇಲ್ಮೈಯಲ್ಲಿ ಏಳು ದಿನಗಳಾದರೂ ಜೀವ ಹಿಡಿದಿರಬಲ್ಲುದು. ಕ್ಷೌರದ ಅಂಗಡಿಯಲ್ಲಿ ಎರಡಲಗಿನ ಬ್ಲೇಡನ್ನು ಅರ್ಧಕ್ಕೆ ಮುರಿದು ಕತ್ತಿಗೆ ಸಿಕ್ಕಿಸುವರಷ್ಟೆ. ಆ ಅರ್ಧವು ನಮ್ಮ ಕಣ್ಣೆದುರಿಗೇ ಹೊದಿಕೆಯಿಂದ ಹೊರಬಂದುದಾಗಿರಬೇಕು. "ಹೊಸ ಬ್ಲೇಡು ಹಾಕಿ" ಎಂದು ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ಒಳ್ಳೆಯ ಕಸುಬುದಾರನು ಅದನ್ನು ಅಪಮಾನವೆಂದು ತಿಳಿಯುವುದಿಲ್ಲ. ಅವನ ಕೈಗೂ ಅದೇ ರಕ್ಷೆ.

ಕಡೆಯದಾಗಿ, ಬಳಸಿ ಮುಗಿದ ಬ್ಲೇಡು ಎಲ್ಲಿಗೆ ಹೋಗುವುದು? ಅಮೆರಿಕಾದಲ್ಲಿ ಒಂದು ಕಾಲದಲ್ಲಿ ಬಚ್ಚಲುಮನೆಯ ಗೋಡೆಯಲ್ಲಿಯೇ ಸಣ್ಣದೊಂದು ಸೀಳುಗಂಡಿಯಿಟ್ಟು ಬ್ಲೇಡುಗಳನ್ನು ಗೋಡೆಯ ಟೊಳ್ಳಿನೊಳಕ್ಕೆ ಬೀಳಿಸುತ್ತಿದ್ದರು. ಹಳೆಯ ಮನೆಗಳನ್ನು ಕೆಡವುವಾಗ ಅವು ರಾಶಿರಾಶಿಯಾಗಿ ಹೊರಬೀಳುವುದುಂಟು. ನಾವು ಮಾಡುವುದು ಅದಕ್ಕಿಂತಲೂ ಕೆಟ್ಟದ್ದು. ಕಾಗದದಲ್ಲಿ ಸುತ್ತಿಯೋ ಸುತ್ತದೆಯೋ ಕಸದ ಬುಟ್ಟಿಗೆ ಹಾಕಿ ಮರೆತುಬಿಡುತ್ತೇವೆ. ಬೆಳಗಾಗುತ್ತಲೇ ಆ ಕಸವನ್ನು ಬರಿಗೈಯಿಂದ ಬೇರ್ಪಡಿಸುವ ಪೌರಕಾರ್ಮಿಕರು ಮರೆಯಲಾರರು. ಅವರ ಬೆರಳಿಗೆ ಅದು ತಗಲಿದ್ದರಿಂದ. ನಮ್ಮ ಒಂದು ಕ್ಷೌರದ ಬೆಲೆ ಒಂದು ರೂಪಾಯಿ ಆಗಿರಬಹುದು. ಅವರಿಗೆ ಅದು ಒಂದು ವಾರದ ಕೂಲಿಯನ್ನೂ, ಕೆಲವೊಮ್ಮೆ ಆರೋಗ್ಯವನ್ನೂ ಕಸಿಯಬಲ್ಲುದು. ಉಪಾಯವು ಸುಲಭ. ಮುಚ್ಚಳವಿರುವ ತಗಡಿನ ಡಬ್ಬಿಯೊಂದಕ್ಕೆ ಸಣ್ಣ ಸೀಳು ಕೊರೆದು, ಮುಚ್ಚಳವನ್ನು ಭದ್ರವಾಗಿ ಅಂಟಿಸಿ, ಬಚ್ಚಲುಮನೆಯ ಗೂಡಿನಲ್ಲಿಡಿ. ಮಕ್ಕಳ ಕೈಗೆ ಎಟುಕದಿರಲಿ. ಚಿಕ್ಕ ಡಬ್ಬಿಯೊಂದು ತುಂಬುವುದಕ್ಕೆ ಕೆಲವು ವರ್ಷಗಳೇ ಹಿಡಿಯುವುವು. ತುಂಬಿದ ಮೇಲೆ ಸೀಳನ್ನು ಮುಚ್ಚಿ, ಒಳಗೇನಿದೆಯೆಂದು ಮೇಲೆ ಬರೆದು, ಒಯ್ಯುವವರ ಕೈಗೆ ತಿಳಿಸಿಯೇ ಕೊಡಿ.

ಯಾವ ಬ್ಲೇಡನ್ನು ಕೊಳ್ಳಬೇಕೆಂಬುದು ತಮ್ಮ ತಮ್ಮ ಕೆನ್ನೆಗೆ ಬಿಟ್ಟುದು. ಆದರೆ ಡಬ್ಬಿಯ ವಿಷಯವನ್ನು ಮಾತ್ರ ನಾಳೆಗೆ ಮುಂದೂಡದಿರಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.